ಕೆಳಗಿನ ಮೂಲೆಯ ಧೂಳು

ಜನವರಿ 11

ಮದುವೆಯಾಗಿ ಇನ್ನೂ ಎರಡು ತಿಂಗಳು ತುಂಬಿಲ್ಲ, ಆಗಲೇ ಈ ಮನೆಯಲ್ಲಿ ನನಗೆ ಮೂರು ಭಯ: ಅತ್ತೆ, ಅತ್ತೆಯ ಹಳೆಯ ಪ್ರೆಷರ್ ಕುಕ್ಕರ್, ಮತ್ತು ಮಂಗಳ ಗ್ರಹ.

ಮೊದಲೆರಡು ಯಾವ ಹೊಸ ಸೊಸೆಗೂ ಇರುವಂಥವು. ಮೂರನೆಯದು ನನ್ನೊಬ್ಬಳ ಪಾಲಿಗೆ ಬಂದದ್ದು. ನನ್ನ ಗಂಡನಿಗೆ ಮಂಗಳದ ಮೇಲೆ ಒಬ್ಬಳು ಇದ್ದಾಳೆ! ಚಕ್ರವಿಲ್ಲದ, ಇಳಿದ ಜಾಗದಲ್ಲೇ ಕುಳಿತಿರುವ ಒಂದು ಯಂತ್ರ. ಇವನ ಗುಂಪಿನವರು ಅದನ್ನು ಅಜ್ಜಿ ಎನ್ನುತ್ತಾರೆ, ಕೂತಲ್ಲೇ ಕೂತು ದಿನವಿಡೀ ಅಂಗಳ ನೋಡುತ್ತದಂತೆ. ಅದನ್ನು ಮಂಗಳಕ್ಕೆ ಕಳಿಸಿದ ಸಂಸ್ಥೆಯವರು ಚಿತ್ರಗಳನ್ನು ಬಂದ ಹಾಗೆಯೇ ಎಲ್ಲರಿಗೂ ಬಿಟ್ಟುಕೊಡುತ್ತಾರೆ. ಬೂದು ಬಣ್ಣದ, ಕಲೆಗಳಿರುವ, ತುಂಡು ತುಂಡಾದ ಚಿತ್ರಗಳು. ಇವನಂಥ ಹವ್ಯಾಸಿಗಳು ಅವನ್ನು ಇಳಿಸಿಕೊಂಡು, ಕಲೆ ತೆಗೆದು, ಬಣ್ಣ ತುಂಬಿ, ತುಂಡಿಗೆ ತುಂಡು ಹೊಂದಿಸಿ ಒಂದು ಅಗಲವಾದ ನೋಟ ಕಟ್ಟುತ್ತಾರೆ. ಇಷ್ಟು ಮಾಡಿದ್ದಕ್ಕೆ ಇವರಿಗೆ ಸಿಗುವುದು ಒಬ್ಬರಿಂದ ಒಬ್ಬರಿಗೆ ಶಹಬ್ಬಾಸ್, ಅಷ್ಟೆ.

ಇವತ್ತು ಸಂಜೆ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡ. ಭುಜಕ್ಕೆ ಭುಜ ತಾಗಿಕೊಂಡು! ನನಗೆ ಮಂಗಳ ಯಾರಿಗೆ ಬೇಕು ಅನಿಸುತ್ತಿತ್ತು. ಪಾಠ ಏನೆಂದರೆ, ಅಜ್ಜಿಯ ಲೆನ್ಸಿನ ಮೇಲೆ ಧೂಳು ಕೂತಿದೆ. ಕ್ಯಾಮೆರಾ ತಿರುಗಿ ಬೇರೆ ಕಲ್ಲು, ಬೇರೆ ಗುಡ್ಡ ಬಂದರೂ ಕಲೆ ಮಾತ್ರ ಇದ್ದಲ್ಲೇ ಇದ್ದರೆ ಅದು ಲೆನ್ಸಿನ ಧೂಳು. ಅದನ್ನು ಒರೆಸಬೇಕು.

ಅವನು ಕೆಲಸ ಮಾಡುವುದು ಮುದ್ರಣಾಲಯದಲ್ಲಿ. ಮುದ್ರಿಸಿ ಬಂದ ಹಾಳೆಯ ಬಣ್ಣ ಸರಿಯಿದೆಯೇ ಎಂದು ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಪುಟ್ಟ ಭೂತಗನ್ನಡಿ ಹಿಡಿದು ನೋಡುವುದೇ ಉದ್ಯೋಗ. ಮನೆಯಲ್ಲೂ ಅದೇ ಚಾಳಿ. ಪರದೆಗೆ ಮುಖ ಹಚ್ಚಿ, ಒಂದೇ ಕಣ್ಣಲ್ಲಿ ನೋಡುತ್ತಾನೆ.

"ಕೆಳಗೆ, ಎಡ ಮೂಲೇಲಿ ಹೊಸ ಧೂಳು ಬಂದಿದೆ ನೋಡು ಟೀಚರಮ್ಮ. ತೆಳ್ಳಗೆ, ಹೊಗೆ ಥರ. ಕಾಣಿಸ್ತಾ?"

ನನಗೆ ಏನೂ ಕಾಣಿಸಲಿಲ್ಲ.

"ಹೂಂ, ಕಾಣಿಸ್ತು!" ಎಂದೆ.

ಅವನ ಮುಖ ಅರಳಿದ್ದು ನೋಡಬೇಕಿತ್ತು. ಇನ್ನೇನು ಹೇಳಲಿ? ನಾನು ನರ್ಸರಿ ಟೀಚರ್. ಮಕ್ಕಳು ಗೀಚಿದ್ದನ್ನು ಹಿಡಿದುಕೊಂಡು ಬಂದಾಗ "ಓಹೋ, ಆನೆ! ಸೊಂಡಿಲು ಎಷ್ಟು ಚೆನ್ನಾಗಿದೆ!" ಎನ್ನುವುದೇ ನನ್ನ ಸಂಬಳದ ಕೆಲಸ.

ಅತ್ತೆ ಬಾಗಿಲಲ್ಲಿ ಇಣುಕಿ, "ಮಂಗಳದಲ್ಲಿ ಧೂಳು ಒರೆಸೋಕೆ ಗಂಡ ಹೆಂಡತಿ ಇಬ್ಬರೂ ಕೂತಿದ್ದೀರ. ನಿಮ್ಮ ಕೋಣೆ ಫ್ಯಾನ್ ಮೇಲೆ ಒಂದಿಂಚು ಕೂತಿದೆ, ಅದನ್ನ ಯಾವ ಗ್ರಹದವರು ಬಂದು ಒರೆಸಬೇಕು?" ಎಂದರು. ನಗಬೇಕೋ ಬೇಡವೋ ತಿಳಿಯದೆ ಎದ್ದು ನಿಂತೆ. ಅವರು ಹೋದ ಮೇಲೆ ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ಅತ್ತೆಯ ಮುಂದೆ ನಾನು ಅವನಿಗೆ "ನೀವು, ತಾವು", ಬಾಗಿಲು ಮುಚ್ಚಿದ ಮೇಲೆ "ನೀನು, ಲೋ". ಯಾವತ್ತಾದರೂ ಬಾಯಿ ತಪ್ಪಿದರೆ ಏನು ಗತಿ!

ಜನವರಿ 15

ಇವತ್ತಿನ ಚಿತ್ರಗಳಲ್ಲಿ ಅಜ್ಜಿಯ ಅಂಗಳಕ್ಕೆ ಬೆಳಗಿನ ಬಿಸಿಲು ಬಿದ್ದಿದೆ. ಉದ್ದುದ್ದ ನೆರಳು. ಎಷ್ಟು ಚಂದ, ಎಷ್ಟು ಚಂದ! ಒಂದು ಕಲ್ಲಿಗೆ ನಾನು ಬನ್ ಎಂದು ಹೆಸರಿಟ್ಟೆ, ಅವನು ಅದನ್ನು ಗುಂಪಿನಲ್ಲಿ ಹಾಕಿಯೇಬಿಟ್ಟ. ಈಗ ಎಲ್ಲರೂ ಅದನ್ನು ಬನ್ ಕಲ್ಲು ಎನ್ನುತ್ತಿದ್ದಾರೆ. ಮಂಗಳದ ಮೇಲೆ ನನ್ನದೊಂದು ಕಲ್ಲು!

"ಇವತ್ತು ಕಿಡಿ ಜಾಸ್ತಿ," ಎಂದ. ಬಾಹ್ಯಾಕಾಶದ ಕಿರಣಗಳು ಕ್ಯಾಮೆರಾಗೆ ಬಡಿದರೆ ಚಿತ್ರದಲ್ಲಿ ಬಿಳಿ ಚುಕ್ಕೆ ಬೀಳುತ್ತದೆ, ಅದನ್ನೂ ತೆಗೆಯಬೇಕು. "ಅಂಚಿನಲ್ಲಿ ಪಳಕ್ ಪಳಕ್ ಅಂತಿದೆ ನೋಡು."

ಚುಕ್ಕೆಗಳು ನನಗೂ ಕಂಡವು. ಪಳಕ್ ಎಂದದ್ದು ಕಾಣಲಿಲ್ಲ. ನಿಂತ ಚಿತ್ರದಲ್ಲಿ ಚುಕ್ಕೆ ಹೇಗೆ ಮಿಂಚುತ್ತದೆ? ಕೇಳಬೇಕೆಂದುಕೊಂಡೆ. ದಡ್ಡಿ ಎಂದುಕೊಂಡಾನು ಎಂದು ಸುಮ್ಮನಾದೆ.

ಜನವರಿ 20

ಧೂಳು ದೊಡ್ಡದಾಗಿದೆಯಂತೆ. ಹೊಗೆಯಂತಿದ್ದದ್ದು ಈಗ ಪರದೆಯಂತೆ, ಮೂಲೆಯಿಂದ ಒಳಗೆ ಬಂದಿದೆಯಂತೆ. "ಅಜ್ಜಿಗೆ ಕಣ್ಣು ಮಂಜಾಗ್ತಿದೆ ಪಾಪ," ಎಂದು ಬೇಸರ ಮಾಡಿಕೊಂಡ. ನಾನೂ "ಪಾಪ" ಎಂದೆ.

ಅವನು ಕೆಲಸಕ್ಕೆ ಹೋದ ಮೇಲೆ ಅವನ ಕುರ್ಚಿಯಲ್ಲಿ ಕೂತು, ಎಡಗಣ್ಣು ಮುಚ್ಚಿ, ಅವನ ಭೂತಗನ್ನಡಿಯಲ್ಲೇ ನೋಡಿದೆ. ಕೆಳಗಿನ ಎಡ ಮೂಲೆಯಲ್ಲಿ ಮಣ್ಣು, ಕಲ್ಲು, ಮಣ್ಣು. ಮತ್ತೆ ನೋಡಿದೆ. ಕಣ್ಣು ಉರಿಯುವವರೆಗೆ ನೋಡಿದೆ. ಇಷ್ಟು ದೊಡ್ಡದಾದರೂ ನನಗೆ ಕಾಣುತ್ತಿಲ್ಲ ಎಂದರೆ ನನ್ನ ಕಣ್ಣಿಗೇ ಏನೋ ಆಗಿದೆ. ಹೊಸದಾಗಿ ಬಂದ ಸೊಸೆಗೆ ಕಣ್ಣು ಕಾಣದು ಎಂದರೆ ಅತ್ತೆ ಏನೆಂದಾರು?

ಜನವರಿ 22

ಶಾಲೆ ಬಿಟ್ಟ ಮೇಲೆ ಯಾರಿಗೂ ಹೇಳದೆ ಕನ್ನಡಕದ ಅಂಗಡಿಗೆ ಹೋದೆ. ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸಿ ಬದಲಿಸಿ ಓದಿಸಿದರು. ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಓದಿದೆ.

"ಹದ್ದಿನ ಕಣ್ಣು ಮೇಡಂ ನಿಮ್ಮದು," ಎಂದರು ಅಂಗಡಿಯವರು. "ನಿಮ್ಮಂಥೋರೇ ಎಲ್ಲರೂ ಆದ್ರೆ ನಾನು ಶಟರ್ ಎಳೆದು ಮನೆಗೆ ಹೋಗಬೇಕಾಗುತ್ತೆ."

ಅಬ್ಬಾ! ರಸ್ತೆಯುದ್ದಕ್ಕೂ ಕುಣಿಯುತ್ತಾ ಬರಬೇಕೆನಿಸಿತು. ಅರ್ಧ ದಾರಿ ಬಂದೆ. ಬಸ್ ನಿಲ್ದಾಣದ ಹತ್ತಿರ ಯಾಕೋ ಕಾಲು ನಿಂತಿತು. ನನ್ನ ಕಣ್ಣು ಸರಿಯಿದೆ. ಹಾಗಾದರೆ

ಕುಕ್ಕರ್ ಕೂಗುತ್ತಿದೆ. ಆಮೇಲೆ ಬರೆಯುತ್ತೇನೆ.

ಜನವರಿ 26

ಆಮೇಲೆ ಬರೆಯಲೇ ಇಲ್ಲ.

ಇವತ್ತು ಗುಂಪಿನಲ್ಲಿರುವ ಒಬ್ಬ ಡೆಂಟಿಸ್ಟ್ ಫೋನ್ ಮಾಡಿದರು. ಗುಂಪಿನಲ್ಲಿ ಇವನನ್ನು ಪೇಂಟರ್ ಎಂದೇ ಕರೆಯುತ್ತಾರೆ. ಇವನು ಮತ್ತು ಅವರು ಸೇರಿ ಅಜ್ಜಿಯ ಸುತ್ತಲಿನ ಪೂರ್ತಿ ನೋಟ ಹೊಂದಿಸುತ್ತಿದ್ದಾರೆ. ಅರ್ಧ ಇವನು, ಅರ್ಧ ಅವರು. ಸ್ಪೀಕರ್ ಹಾಕಿ ನನ್ನ ಪಕ್ಕದಲ್ಲೇ ಮಾತಾಡಿದ.

"ಪೇಂಟರ್, ನನಗೂ ನಿಮಗೂ ಹೊಂದಿಕೆ ಆಗ್ತಿಲ್ಲ ಕಣ್ರೀ. ನಿಮ್ಮ ತುಂಡಲ್ಲಿ ಬನ್ ಕಲ್ಲೇ ಇಲ್ಲ."

"ಇಲ್ಲ ಅಂದ್ರೆ? ಎಲ್ಲಿ ಹೋಗುತ್ತೆ? ಎದ್ದು ವಾಕಿಂಗ್ ಹೋಯ್ತಾ?"

"ನೀವೇ ಒರೆಸಿದ್ದೀರ. ಧೂಳು ಅಂತ ಕಲ್ಲನ್ನೇ ಒರೆಸಿ ಮೇಲೆ ಮಣ್ಣು ತುಂಬಿದ್ದೀರ. ಮೂಲ ಚಿತ್ರ ಐದು ಸಲ ನೋಡಿದೆ. ಅಲ್ಲಿ ಧೂಳೇ ಇಲ್ಲ."

ಇವನ ಕಿವಿ ಕೆಂಪಾಯಿತು. ಬಣ್ಣ ನೋಡುವುದರಲ್ಲಿ ಇವನ ಕಣ್ಣು ತಪ್ಪಿತು ಎಂದು ಈವರೆಗೆ ಪ್ರೆಸ್ಸಿನಲ್ಲಿ ಒಬ್ಬರೂ ಅಂದಿಲ್ಲವಂತೆ. "ಎಲ್ಲಾ ಚಿತ್ರದಲ್ಲೂ ಅದೇ ಜಾಗದಲ್ಲಿದೆ ಡಾಕ್ಟ್ರೇ. ಲೆನ್ಸಿನ ಧೂಳಲ್ಲದೆ ಇನ್ನೇನು? ನನ್ನ ಹೆಂಡತಿಗೂ ಕಾಣಿಸಿದೆ. ಬೇಕಾದ್ರೆ ಕೇಳಿ!"

ಫೋನನ್ನು ನನ್ನ ಮುಖದ ಹತ್ತಿರ ಹಿಡಿದ.

"ಹೌದಾಮ್ಮ?" ಎಂದರು ಆ ಕಡೆಯಿಂದ.

ನಾನು "ಹೌದು" ಎಂದೆ.

ಯಾಕೆ ಹಾಗೆಂದೆನೋ ಗೊತ್ತಿಲ್ಲ. ಅವನ ಮುಖ ನೋಡಿಕೊಂಡು ಬೇರೆ ಮಾತು ಹೊರಡಲಿಲ್ಲ. ಡೆಂಟಿಸ್ಟ್ "ಇಬ್ಬರಿಗೂ ಕಂಡಿದೆ ಅಂದ್ರೆ ನನ್ನ ಕಂಪ್ಯೂಟರ್ರೇ ಸರಿ ಇಲ್ವೇನೋ," ಎಂದರು.

ಊಟ ಸೇರಲಿಲ್ಲ. ಅವನು ಹಾಡು ಗುನುಗುತ್ತಾ ಮೂಲೆ ಒರೆಸುತ್ತಿದ್ದಾನೆ. ಬನ್ ಕಲ್ಲು ಅವನಿಗೆ ನಿಜವಾಗಿಯೂ ಕಾಣುತ್ತಿಲ್ಲ.

ಜನವರಿ 27

ಇದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಇವತ್ತು ಅವನಿಗೆ ರಜೆ. ಅವನು ಸ್ನಾನಕ್ಕೆ ಹೋದಾಗ ಕಂಪ್ಯೂಟರಿನಲ್ಲಿ ಒಂದು ಖಾಲಿ ಬಿಳಿ ಚಿತ್ರ ಮಾಡಿ, ಪರದೆಯ ತುಂಬ ತೆರೆದಿಟ್ಟೆ. ಬಂದವನನ್ನು ಕೂರಿಸಿ, "ಎಡಗಣ್ಣು ಮುಚ್ಚು. ನಡುವೆ ನೋಡು. ಇದರಲ್ಲಿ ಧೂಳಿದೆಯಾ?" ಎಂದೆ.

"ಏನಿದು, ಬರೀ ಆಕಾಶನಾ?"

"ಇದೆಯಾ ಇಲ್ವಾ ಹೇಳು."

"ಇದೆಯಲ್ಲ." ಕೆಳಗಿನ ಎಡ ಮೂಲೆಗೆ ಬೆರಳಿಟ್ಟ. ಬೆರಳನ್ನು ನಿಧಾನವಾಗಿ ಮೇಲಕ್ಕೆ ತಂದ, ಪರದೆಯ ಕಾಲು ಭಾಗದವರೆಗೆ. "ಇಲ್ಲೀವರೆಗೂ ಬಂದಿದೆ. ನಿನ್ನೆಗಿಂತ ಜಾಸ್ತಿ."

"ಇದು ಅಜ್ಜಿಯ ಚಿತ್ರ ಅಲ್ಲ ಕಣೋ. ನಾನು ಮಾಡಿದ್ದು. ಇದರಲ್ಲಿ ಏನೂ ಇಲ್ಲ."

ಅವನು ನಕ್ಕ. ಆಮೇಲೆ ಪರದೆ ಬಿಟ್ಟು ಗೋಡೆ ನೋಡಿದ. ಗೋಡೆಯಿಂದ ಕಿಟಕಿಗೆ. ಕಿಟಕಿಯಿಂದ ನನ್ನ ಮುಖಕ್ಕೆ. ಎಡಗಣ್ಣು ಮುಚ್ಚಿಕೊಂಡೇ ಇದ್ದ.

"ನಿನ್ನ ಗಲ್ಲ ಕಾಣಿಸ್ತಿಲ್ಲ," ಎಂದ.

ಆ ಧ್ವನಿ ನಾನು ಕೇಳಿದ್ದೇ ಇಲ್ಲ. "ಹಾಗಾದ್ರೆ ನೀನು ನೋಡಿದ್ದು ಏನು?" ಎಂದು ಕೇಳಿದ. ನಾನು ಏನನ್ನೂ ನೋಡಿರಲಿಲ್ಲ ಎಂದು ಹೇಳಿದೆ. ಮೊದಲ ದಿನದಿಂದಲೂ ನೋಡಿರಲಿಲ್ಲ ಎಂದು ಹೇಳಿದೆ. ಅವನು ಎದ್ದ. ಅಂಗಿ ಹಾಕಿಕೊಳ್ಳಲು ಹೋಗಿ ಗುಂಡಿ ತಪ್ಪು ತೂತಿಗೆ ಹಾಕಿದ.

ಅತ್ತೆ ಹೊರಗೆ ಬಂದು, "ಎಲ್ಲಿಗೆ ಇಷ್ಟು ಬೆಳಿಗ್ಗೆ?" ಎಂದರು.

"ಆಸ್ಪತ್ರೆಗೆ. ಲೋ, ನೀನು ಚಪ್ಪಲಿ ಹಾಕ್ಕೋ. ಅತ್ತೆ, ನೀವು ಆಟೋ ನಿಲ್ಲಿಸಿ," ಎಂದೆನಂತೆ. ಅತ್ತೆ ಎರಡನೆಯ ಮಾತಿಲ್ಲದೆ ಬರಿಗಾಲಲ್ಲಿ ರಸ್ತೆಗೆ ಓಡಿದರು.

ಮಧ್ಯಾಹ್ನ

ಕಣ್ಣಿನ ಡಾಕ್ಟರ್ ಹೆಂಗಸು. ಹನಿ ಹಾಕಿ, ಬೆಳಕು ಬಿಟ್ಟು, ತುಂಬ ಹೊತ್ತು ನೋಡಿದರು. ರೆಟಿನಾ ಮೇಲಿನ ಕಡೆ ಹರಿದು ಬಿಟ್ಟುಕೊಂಡಿದೆಯಂತೆ. ಮೇಲೆ ಬಿಟ್ಟುಕೊಂಡರೆ ನೆರಳು ಕೆಳಗೆ ಕಾಣುತ್ತದಂತೆ.

"ಮೊದಲು ಮಿಂಚಿನ ಥರ ಏನಾದರೂ ಕಂಡಿತ್ತಾ?"

"ಕಂಡಿತ್ತು."

"ಮತ್ತೆ ಯಾಕೆ ಬರಲಿಲ್ಲ?"

"ಬಾಹ್ಯಾಕಾಶದ ಕಿರಣ ಅಂದ್ಕೊಂಡೆ," ಎಂದ.

ಡಾಕ್ಟರ್ ನನ್ನ ಕಡೆ ನೋಡಿದರು. ಹುಚ್ಚಾಸ್ಪತ್ರೆಗೆ ಬರೆದುಕೊಡಲೇ ಎನ್ನುವ ಹಾಗೆ. ನಾನು ವಿವರಿಸಲು ಹೋಗಿ ಅತ್ತುಬಿಟ್ಟೆ.

ನಡುಭಾಗ ಇನ್ನೂ ಅಂಟಿಕೊಂಡಿದೆಯಂತೆ. ಅದೂ ಬಿಟ್ಟರೆ ಓದುವುದು, ಬಣ್ಣ ನೋಡುವುದು ಆ ಕಣ್ಣಿನ ಪಾಲಿಗೆ ಮುಗಿದಂತೆ. "ಇವತ್ತೇ ಮಾಡ್ತೀನಿ. ನಾಳೆಗೆ ಬಿಡೋ ಹಾಗಿಲ್ಲ," ಎಂದರು.

ಶಾಲೆಯಲ್ಲಿ ಕಣ್ಣಿನ ಚಿತ್ರ ಬಿಡಿಸಿ, ರೆಟಿನಾಗೆ ಕಿತ್ತಳೆ ಬಣ್ಣ ಹಚ್ಚಿ, ಇಂಗ್ಲಿಷಿನಲ್ಲಿ ಗೀಟು ಹಾಕಿ ಹೆಸರು ಬರೆದು ಹತ್ತಕ್ಕೆ ಹತ್ತು ತೆಗೆದವಳು ನಾನು. ಅತ್ತೆ "ಅದೇನು ಹರಿದಿರೋದು, ನನಗೆ ತಿಳಿಯೋ ಹಾಗೆ ಹೇಳು" ಎಂದಾಗ ಆ ಇಂಗ್ಲಿಷ್ ಹೆಸರುಗಳು ಯಾವುದೂ ಕೆಲಸಕ್ಕೆ ಬರಲಿಲ್ಲ. ಗೋಡೆಗೆ ಅಂಟಿಸಿದ ಕಾಗದ ಒಂದು ಮೂಲೆಯಿಂದ ಬಿಟ್ಟು ಕೆಳಗೆ ಜೋತ ಹಾಗೆ ಎಂದೆ. ಅವರು ಸೆರಗಿನ ತುದಿಯನ್ನು ಹಿಂಡುತ್ತಾ ಕೂತಿದ್ದಾರೆ.

ಒಳಗೆ ಕರೆದುಕೊಂಡು ಹೋಗಿದ್ದಾರೆ. ಬಾಗಿಲಿನ ಮೇಲೆ ಕೆಂಪು ದೀಪ.

ಜನವರಿ 28

ಆಪರೇಷನ್ ಆಯಿತು. ದೃಷ್ಟಿ ಉಳಿಯುತ್ತದೆಯೋ ಇಲ್ಲವೋ ಈಗಲೇ ಹೇಳಲಾರೆ ಎಂದರು. ಭಯ. ಬೇರೇನೂ ಬರೆಯಲಾರೆ.

ಫೆಬ್ರವರಿ 1

ಕಣ್ಣಿನೊಳಗೆ ಗಾಳಿ ತುಂಬಿದ್ದಾರೆ. ಅದು ಒಳಗಿನಿಂದ ಒತ್ತಿ ಹಿಡಿದು ಕಾಗದ ಮತ್ತೆ ಅಂಟಬೇಕು. ಅದಕ್ಕೇ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಯೇ ಇರಬೇಕು. ಊಟಕ್ಕೂ ತಲೆ ಎತ್ತುವಂತಿಲ್ಲ. ನಾನು ನೆಲದ ಮೇಲೆ ಅಂಗಾತ ಮಲಗಿದರೆ ಮಾತ್ರ ಅವನ ಮುಖ ಕಾಣುತ್ತದೆ. ಮಂಚದ ಅಂಚಿನಿಂದ ಜೋತ ಮುಖ, ಒಂದು ಕಣ್ಣಿಗೆ ಪಟ್ಟಿ.

ಇವತ್ತು ಮಧ್ಯಾಹ್ನ ಹಾಗೆ ಮಲಗಿದ್ದಾಗ ಅವನು ಅಂದ: "ಮೊದಲ ದಿನವೇ ಕಾಣಿಸ್ತಿಲ್ಲ ಅಂದಿದ್ರೆ ಅವತ್ತೇ ಹೋಗ್ತಿದ್ವಿ."

ಹೌದು ಎಂದೆ.

"ಯಾಕೆ ಅನ್ನಲಿಲ್ಲ?"

"ನೀನು ಪಕ್ಕದಿಂದ ಏಳಿಸಿಬಿಡ್ತೀಯ ಅಂತ."

ಅವನು ಕಣ್ಣು ಮುಚ್ಚಿಕೊಂಡ. ಅವನ ಮೂಗಿನ ತುದಿಯಿಂದ ಒಂದು ಹನಿ ನನ್ನ ಹಣೆಯ ಮೇಲೆ ಬಿತ್ತು. ಔಷಧಿಯೋ ಏನೋ.

ಅಡುಗೆಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದೆ. ಬೈಯಲಿ ಎಂದೇ ಹೇಳಿದೆ. ಅವರು ಲೋಟ ತೊಳೆಯುತ್ತಾ, "ನಿಮ್ಮ ಮಾವ ತಂದ ಮೊದಲನೇ ಸೀರೆ, ಸಗಣಿ ಬಣ್ಣ. ಚೆನ್ನಾಗಿದೆ ಅಂದೆ. ಇಪ್ಪತ್ತು ವರ್ಷ ಅದೇ ಬಣ್ಣ ತಂದ್ರು," ಎಂದರು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. "ಅತ್ತಿದ್ದು ಸಾಕು, ಅವನಿಗೆ ಹನಿ ಹಾಕೋ ಹೊತ್ತಾಯ್ತು," ಎಂದರು.

ಫೆಬ್ರವರಿ 4

ಅವತ್ತಿನಿಂದ ಮಾತಿಲ್ಲದೆ ಇದ್ದದ್ದು ಅವನಿಗೇ ಸಾಕಾಯಿತು. "ಇವತ್ತು ಚಿತ್ರ ಬಂದಿದೆಯಾ?" ಎಂದು ನೆಲದ ಕಡೆಗೆ ಕೇಳಿದ.

ಕಂಪ್ಯೂಟರ್ ತೆರೆದು ನಾನು ನೋಡಿ ಹೇಳತೊಡಗಿದೆ. "ದೂರದಲ್ಲಿ ಗುಡ್ಡ. ಮುಂದೆ ಮಣ್ಣು. ಅಜ್ಜಿಯ ಕಾಲು ಅರ್ಧ ಹೂತಿದೆ."

"ಕಾಲಿನ ಪಕ್ಕ ಗಾಳಿ ಎಳೆದ ಗೆರೆ ಇರಬೇಕಲ್ಲ?"

ನೋಡಿದೆ. "ಕಾಣಿಸ್ತಿಲ್ಲ."

"ಸರಿಯಾಗಿ ನೋಡು."

"ಸರಿಯಾಗೇ ನೋಡಿದೆ. ಕಾಣಿಸ್ತಿಲ್ಲ."

"ಸರಿ, ಹಾಗಾದ್ರೆ ಇಲ್ಲ," ಎಂದ.

ಡೆಂಟಿಸ್ಟ್‌ಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು "ಅಯ್ಯೋ, ನಾನು ಕಲ್ಲಿನ ಬಗ್ಗೆ ಜಗಳ ಆಡ್ತಿದ್ದೆನಲ್ಲಮ್ಮ," ಎಂದು ಮೂರು ಸಲ ಅಂದರು. ಅವರು ಹೇಳಿಕೊಟ್ಟಂತೆ ಒಂದೊಂದೇ ಚಿತ್ರದಲ್ಲಿ ಅವನು ತುಂಬಿದ ಮಣ್ಣನ್ನು ತೆಗೆದು ಮೂಲವನ್ನು ಮರಳಿ ಇಟ್ಟೆ. ಬನ್ ಕಲ್ಲು ಇದ್ದಲ್ಲೇ ಇತ್ತು.

ಫೆಬ್ರವರಿ 17

ತಲೆ ಎತ್ತಬಹುದು ಎಂದರು. ಪಟ್ಟಿಯಿಲ್ಲ. ಬಲಗಣ್ಣಿಗೆ ಈಗ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತದಂತೆ, ಗಾಳಿಯ ಗುಳ್ಳೆ ನಡೆದಾಗಲೆಲ್ಲ ಕುಲುಕುತ್ತದಂತೆ. ನೋಟ ಮೇಲಿನಿಂದ ಸ್ವಲ್ಪ ತೆರೆದಿದೆ, ಅದರ ಕೆಳಗೆ ಗುಳ್ಳೆಯ ಅಂಚಿನ ಗೆರೆ. ಗೆರೆ ದಿನಾ ಕೆಳಗಿಳಿಯುತ್ತಿದೆ. ಕೆಳಗಿನ ಎಡ ಮೂಲೆ ಅದರಡಿಯಲ್ಲಿದೆ. ಗುಳ್ಳೆ ಕರಗುವವರೆಗೂ ಅಲ್ಲಿ ಏನಿದೆ ಎಂದು ಡಾಕ್ಟರೂ ಹೇಳರು.

ಪ್ರೆಸ್ಸಿನಿಂದ ಮಾಲೀಕರು ಬಂದು ಹಣ್ಣು ಕೊಟ್ಟು ಹೋದರು. "ಆರಾಮಾಗಿ ಬನ್ನಿ," ಎಂದರು. ಅವನ ಕುರ್ಚಿಯಲ್ಲಿ ಸದ್ಯಕ್ಕೆ ಬೇರೊಬ್ಬರನ್ನು ಕೂರಿಸಿದ್ದಾರಂತೆ. ಅವರು ಹೋದ ಮೇಲೆ ಅವನು ಭೂತಗನ್ನಡಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ. ನಾನು ಅದನ್ನು ಮತ್ತೆ ಹೊರಗೆ ತೆಗೆದಿಡಲಿಲ್ಲ. ಹೆದರಿಕೆಯಾಯಿತು.

ಮಾರ್ಚ್ 9

ಅಜ್ಜಿಗೆ ಸೋಲಾರ್ ಹಲಗೆಗಳ ಮೇಲೆ ಧೂಳು ತುಂಬಿ ಶಕ್ತಿ ಸಾಲುತ್ತಿಲ್ಲವಂತೆ. ಇನ್ನು ಕೆಲವೇ ಚಿತ್ರಗಳು ಎಂದು ಗುಂಪಿನಲ್ಲಿ ಬಂದಿದೆ. ಅವನಿಗೆ ಓದಿ ಹೇಳಿದೆ. "ಪಾಪ," ಎಂದ.

ಗುಳ್ಳೆ ಕಡಲೆಯಷ್ಟಾಗಿದೆಯಂತೆ.

ಮಾರ್ಚ್ 13

ಬೆಳಿಗ್ಗೆ ಎದ್ದವನು "ಗುಳ್ಳೆ ಇಲ್ಲ," ಎಂದ. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಳೆ ಡಾಕ್ಟರ್ ನೋಡುತ್ತಾರೆ. ಅಲ್ಲಿಯವರೆಗೆ ಸುಮ್ಮನಿರೋಣ ಎಂದು ಇಬ್ಬರೂ ಅಂದುಕೊಂಡಿದ್ದೆವು. ತಿಂಡಿ ಮುಗಿಯುವಷ್ಟರಲ್ಲಿ ಅವನು ಕಂಪ್ಯೂಟರಿನ ಮುಂದೆ ಹೋಗಿ ಕೂತಿದ್ದ.

"ಇವತ್ತಿನದು ತೆಗಿ."

ತೆಗೆದೆ. ಅಜ್ಜಿಯ ಅಂಗಳ, ಮಬ್ಬು ಬೆಳಕು. ಅವನು ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ ಪರದೆಗೆ ಮುಖ ಹಚ್ಚಿದ. ಕುಕ್ಕರಿಗೆ ಬೇಳೆ ಹಾಕಿ ಬಂದಿದ್ದೆ, ಅದು ಎಷ್ಟು ಸಲ ಕೂಗಿತೋ ತಿಳಿಯಲಿಲ್ಲ.

"ಕೆಳಗಿನ ಮೂಲೇಲಿ ಬನ್ ಕಲ್ಲಿದೆ," ಎಂದ.

ನಾನು ಉಸಿರು ಬಿಟ್ಟೆ.

"ಬಲಗಡೆ ಮೇಲೆ ಒಂದು ಚುಕ್ಕೆ ಇದೆ. ಕಪ್ಪಗೆ, ಸಣ್ಣದು. ಕಾಣಿಸ್ತಾ?"

ನೋಡಿದೆ. ಬಲಗಡೆ ಮೇಲೆ ಆಕಾಶ, ಬರೀ ಆಕಾಶ. ಹೂಂ ಎಂದುಬಿಟ್ಟರೆ ಇವತ್ತೊಂದು ದಿನ ನೆಮ್ಮದಿಯಾಗಿರುತ್ತಾನೆ.

"ಕಾಣಿಸ್ತಿಲ್ಲ," ಎಂದೆ.

ಅವನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

"ಅಲ್ಲಾಡಬೇಡ. ನಡುವೆ ನೋಡ್ತಾ ಇರು," ಎಂದು ಚಿತ್ರವನ್ನು ತಲೆಕೆಳಗು ಮಾಡಿದೆ. ಗುಡ್ಡ ಕೆಳಗೆ ಬಂತು, ಬನ್ ಕಲ್ಲು ಮೇಲೆ ಹೋಯಿತು. "ಈಗ ಎಲ್ಲಿದೆ?"

ಅವನ ಬೆರಳು ಪರದೆಯ ಮೇಲೆ ಹುಡುಕಿ ಒಂದು ಕಡೆ ನಿಂತಿತು.

"ಎಡಗಡೆ. ಕೆಳಗೆ."

"ಖಂಡಿತಾನಾ?"

"ಚಿತ್ರದ ಜೊತೆ ತಿರುಗಿತು ಕಣೇ. ತಿರುಗಿತು."

ಅವನು ಬೆರಳಿಟ್ಟ ಜಾಗವನ್ನು ದೊಡ್ಡದು ಮಾಡಿದೆ, ಕಪ್ಪು ಬಿಳುಪಿನ ವ್ಯತ್ಯಾಸವನ್ನು ಏರಿಸಿದೆ, ಮತ್ತೂ ಏರಿಸಿದೆ. ಆಗ ಕಂಡಿತು. ಸಾಸಿವೆ ಕಾಳಿನ ಅರ್ಧದಷ್ಟು. ನನ್ನ ಹದ್ದಿನ ಕಣ್ಣಿಗೆ ಸಿಗದ್ದು ಅವನ ಆ ಕಣ್ಣಿಗೆ ಸಿಕ್ಕಿತ್ತು. ನಿನ್ನೆಯ ಚಿತ್ರ ತೆರೆದೆ. ಅಲ್ಲೂ ಇತ್ತು, ಅದೇ ಜಾಗದಲ್ಲಿ.

ನಾನು ಕಿರುಚಿಕೊಂಡೆನಂತೆ. ಅತ್ತೆ ಸೌಟು ಹಿಡಿದುಕೊಂಡೇ ಓಡಿ ಬಂದರು. ಮುಖದಲ್ಲಿ ರಕ್ತವಿರಲಿಲ್ಲ. "ಏನಾಯ್ತು? ಕಣ್ಣಿಗೇನಾಯ್ತು?"

"ಧೂಳು ಅತ್ತೆ! ಇವನಿಗೆ ಧೂಳು ಕಾಣಿಸ್ತು! ನಿಜವಾದ ಧೂಳು!"

ಅವರು ಮಂಚದ ಮೇಲೆ ಕುಸಿದು ಕೂತರು. ಸೌಟಿನಿಂದ ಬೇಳೆ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ನಮ್ಮಿಬ್ಬರ ನಡುವೆ ತಲೆ ತೂರಿಸಿ, "ಎಲ್ಲಿ, ನನಗೂ ತೋರಿಸು," ಎಂದರು.

ಅವನು ಬೆರಳಿಟ್ಟು ತೋರಿಸಿದ. ಅತ್ತೆ ಕನ್ನಡಕವನ್ನು ಮೇಲೆ ಮಾಡಿ ನೋಡಿದರು, ಕೆಳಗೆ ಮಾಡಿ ನೋಡಿದರು.

"ನನಗೇನೂ ಕಾಣ್ತಿಲ್ಲಪ್ಪ," ಎಂದರು.

"ಪರವಾಗಿಲ್ಲಮ್ಮ," ಎಂದ ಅವನು. ಪಕ್ಕಕ್ಕೆ ಸರಿದು ಅವರಿಗೂ ಕುರ್ಚಿ ಎಳೆದ.